ಚಿಕ್ಕ ಮಕ್ಕಳ ಜೊತೆ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಟೆಂಟ್ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಂಟು ವರ್ಷದೊಳಗಿನ ಮಕ್ಕಳನ್ನು ಕರೆದುಕೊಂಡು ಕಾರಿನಲ್ಲಿ ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ ನ್ಯಾಷನಲ್ ಪಾರ್ಕಿಗೆ ಹೋಗಿ, ಎರಡು ಮೂರು ರಾತ್ರಿ ಟೆಂಟಿನಲ್ಲಿ ಮಲಗುವವರಿಗೆ ಈ ಪುಟ. ಬಿಸಿಲಿಗೆ ಎಲ್ಲರೂ ತಯಾರಾಗಿಯೇ ಬರುತ್ತಾರೆ. ಮಕ್ಕಳಿರುವ ಪ್ರವಾಸ ಕೆಡುವುದು ಹೆಚ್ಚಾಗಿ ರಾತ್ರಿಯ ಚಳಿಯಿಂದ. ಹಾಗಾಗಿ ಚಳಿಯ ಉತ್ತರ ಉಳಿದವಕ್ಕಿಂತ ಉದ್ದ ಇದೆ.

ನಾರ್ತ್ ರಿಮ್ ತಂಪು, ಜನ ಕಡಿಮೆ ಅಂತಾರೆ. ಸೌತ್ ರಿಮ್ಮಿಗೇ ಯಾಕೆ ಹೋಗಬೇಕು?

ರಿಮ್ ಎಂದರೆ ಕಣಿವೆಯ ಅಂಚು, ನಾರ್ತ್ ಉತ್ತರದ್ದು, ಸೌತ್ ದಕ್ಷಿಣದ್ದು. ಅಂಗಡಿ, ಸ್ನಾನದ ಮನೆ, ಕ್ಲಿನಿಕ್, ಉಚಿತ ಬಸ್ಸು ಎಲ್ಲವೂ ಹತ್ತಿರದಲ್ಲಿರುವುದು ಸೌತ್ ರಿಮ್‌ನಲ್ಲಿ. ಅದು ವರ್ಷವಿಡೀ ತೆರೆದಿರುತ್ತದೆ. ನಾರ್ತ್ ರಿಮ್ ಅದಕ್ಕಿಂತ ಸುಮಾರು 300 ಮೀಟರ್ ಎತ್ತರದಲ್ಲಿದ್ದು ಹಿಮಗಾಲದಲ್ಲಿ ಮುಚ್ಚುತ್ತದೆ. 2025ರ ಕಾಡ್ಗಿಚ್ಚಿನಲ್ಲಿ ಅಲ್ಲಿನ ಲಾಡ್ಜ್ ಸಮೇತ ಹಲವು ಕಟ್ಟಡಗಳು ಸುಟ್ಟುಹೋದವು. ಎರಡನ್ನೂ ಒಂದೇ ದಿನ ನೋಡುವ ಆಲೋಚನೆಯಿದ್ದರೆ ಬಿಟ್ಟುಬಿಡಿ. ಎದುರಿಗೆ ಕಾಣುವ ಆ ಅಂಚಿಗೆ ರಸ್ತೆಯಲ್ಲಿ ಸುತ್ತಿಕೊಂಡು ಹೋಗಲು ಸುಮಾರು 350 ಕಿ.ಮೀ. ಆಗುತ್ತದೆ.

ಯಾವ ಕ್ಯಾಂಪ್‌ಗ್ರೌಂಡ್ ಒಳ್ಳೆಯದು?

ಮಕ್ಕಳಿದ್ದರೆ ಮೇದರ್ ಕ್ಯಾಂಪ್‌ಗ್ರೌಂಡ್. ಸೌತ್ ರಿಮ್ಮಿನ ಪುಟ್ಟ ಊರಾದ ಗ್ರ್ಯಾಂಡ್ ಕ್ಯಾನ್ಯನ್ ವಿಲೇಜಿನ ಒಳಗೇ, ಪೈನ್ ಮರಗಳ ನೆರಳಿನಲ್ಲಿದೆ. 300ಕ್ಕೂ ಹೆಚ್ಚು ಸೈಟುಗಳಿವೆ. ಒಂದೊಂದರಲ್ಲೂ ಊಟದ ಮೇಜು, ಬೆಂಕಿ ಹಾಕುವ ಕಬ್ಬಿಣದ ಬಳೆ, ಕಾರು ನಿಲ್ಲಿಸುವ ಜಾಗ ಇರುತ್ತವೆ. ಫ್ಲಶ್ ಇರುವ ಶೌಚಾಲಯವಿದೆ. ಕಾಸು ಹಾಕಿ ಬಳಸುವ ಬಿಸಿನೀರಿನ ಶವರ್ ಮತ್ತು ಬಟ್ಟೆ ಒಗೆಯುವ ಯಂತ್ರಗಳು ಪ್ರವೇಶದ ಹತ್ತಿರದ ಬೇರೆ ಕಟ್ಟಡದಲ್ಲಿವೆ. ದಿನಸಿ ಅಂಗಡಿಗೆ ನಡೆದೇ ಹೋಗಬಹುದು. ಹಾಲು ಮುಗಿದಾಗ, ಡೈಪರ್ ಮುಗಿದಾಗ ಇದರ ಬೆಲೆ ಗೊತ್ತಾಗುತ್ತದೆ.

ಡೆಸರ್ಟ್ ವ್ಯೂ ಕ್ಯಾಂಪ್‌ಗ್ರೌಂಡ್ ಅಲ್ಲಿಂದ ಸುಮಾರು 40 ಕಿ.ಮೀ. ಪೂರ್ವಕ್ಕಿದೆ. ಚಿಕ್ಕದು, ಶಾಂತ, ಆದರೆ ಇನ್ನೂ ಎತ್ತರ, ಗಾಳಿ ಹೆಚ್ಚು, ಶವರ್ ಇಲ್ಲ. ಬೇಸಿಗೆಯ ಆಸುಪಾಸಿನ ತಿಂಗಳಲ್ಲಿ ಮಾತ್ರ ತೆರೆದಿರುತ್ತದೆ. ಟ್ರೈಲರ್ ವಿಲೇಜ್ ಇರುವುದು ನೀರು, ಕರೆಂಟ್ ಸಂಪರ್ಕ ಬೇಕಾದ, ಒಳಗೇ ಮಲಗಿ ಅಡುಗೆ ಮಾಡುವ ದೊಡ್ಡ ವಾಹನಗಳಾದ ಆರ್‌ವಿಗಳಿಗೆ. ಟೆಂಟಿನವರಿಗೆ ಅಲ್ಲಿ ಕೆಲಸವಿಲ್ಲ.

ಬುಕಿಂಗ್ ಹೇಗೆ?

ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ, ಆರು ತಿಂಗಳು ಮುಂಚಿನಿಂದ. ರಜೆಯ ವಾರಾಂತ್ಯಗಳು ಬೇಗ ಭರ್ತಿಯಾಗುತ್ತವೆ. ಸಿಗದಿದ್ದರೆ ದಿನಾ ಒಮ್ಮೆ ನೋಡುತ್ತಿರಿ, ಪ್ರವಾಸಕ್ಕೆ ಎರಡು ವಾರ ಇರುವಾಗ ರದ್ದಾದ ಸೈಟುಗಳು ಒಂದೊಂದಾಗಿ ವಾಪಸ್ ಬರುತ್ತವೆ. ಮೇದರ್‌ನಲ್ಲಿ ಒಂದು ಸೈಟಿಗೆ ಆರು ಜನ, ಮೂರು ಟೆಂಟು, ಎರಡು ವಾಹನ. ಅಜ್ಜ ಅಜ್ಜಿಯೂ ಸೇರಿ ಏಳು ಜನರಾದರೆ ಎರಡು ಸೈಟು ಬೇಕು.

ನಕ್ಷೆ ನೋಡಿ ಸೈಟು ಆರಿಸುವಾಗ ಶೌಚಾಲಯದ ಪಕ್ಕದ್ದನ್ನು ಹಿಡಿಯಬೇಡಿ. ರಾತ್ರಿಯಿಡೀ ದೀಪ, ಬಾಗಿಲಿನ ಸದ್ದು. ಅದರಿಂದ ಮೂರು ನಾಲ್ಕು ಸೈಟು ಆಚೆಗಿನದು ಸರಿಯಾದ ದೂರ.

ಯಾವ ತಿಂಗಳು?

ಜೂನ್ ಮೊದಲ ಮೂರು ವಾರ ಅಥವಾ ಸೆಪ್ಟೆಂಬರ್ ಎರಡನೇ ಭಾಗ. ಜೂನಿನಲ್ಲಿ ಹಗಲು ಒಣ ಬಿಸಿಲು, ಮಳೆ ಅಪರೂಪ. ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಅಲ್ಲಿನ ಮಳೆಗಾಲ. ಬೆಳಿಗ್ಗೆ ಸ್ವಚ್ಛ ಆಕಾಶ, ಮಧ್ಯಾಹ್ನ ಗುಡುಗು ಸಿಡಿಲು. ಏಪ್ರಿಲ್ ಮತ್ತು ಅಕ್ಟೋಬರ್ ಕೊನೆ ಅನುಭವಿಗಳಿಗೆ ಸರಿ, ಮೊದಲ ಸಲ ಟೆಂಟಿನಲ್ಲಿ ಮಲಗುವ ಮೂರು ವರ್ಷದ ಮಗುವಿಗಲ್ಲ.

ಮರುಭೂಮಿ ತಾನೇ, ಬೇಸಿಗೆಯಲ್ಲಿ ಎಷ್ಟು ಚಳಿ ಇರಬಹುದು?

ಸೌತ್ ರಿಮ್ ಸಮುದ್ರ ಮಟ್ಟದಿಂದ ಸುಮಾರು 2,100 ಮೀಟರ್ ಮೇಲಿದೆ. ಗಾಳಿ ಒಣಗಿರುವುದರಿಂದ ಸೂರ್ಯ ಮುಳುಗಿದ ಕೂಡಲೇ ನೆಲದ ಶಾಖವೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ಸರಾಸರಿ ಲೆಕ್ಕ ಹೀಗಿದೆ: ಮೇ ತಿಂಗಳಲ್ಲಿ ಹಗಲು 21 ಡಿಗ್ರಿ ಸೆಲ್ಸಿಯಸ್, ರಾತ್ರಿ 4. ಜೂನ್‌ನಲ್ಲಿ 27 ಮತ್ತು 8. ಜುಲೈಯಲ್ಲಿ 29 ಮತ್ತು 12. ಸೆಪ್ಟೆಂಬರ್‌ನಲ್ಲಿ 24 ಮತ್ತು 8. ಅಕ್ಟೋಬರ್‌ನಲ್ಲಿ 18 ಮತ್ತು 2. ಇವು ಸರಾಸರಿ. ಜೂನ್ ಮೊದಲ ವಾರದಲ್ಲಿ ಬೆಳಗಿನ ಜಾವ 3-4 ಡಿಗ್ರಿಗೆ ಇಳಿದರೆ ಆಶ್ಚರ್ಯಪಡಬೇಕಿಲ್ಲ.

ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ಅಂಕಿ ಇದ್ದರೆ 'ಕಂಫರ್ಟ್' ಎಂಬುದನ್ನು ನೋಡಿ. 'ಲಿಮಿಟ್' ಎಂದರೆ ಮುದುರಿಕೊಂಡು ಹೇಗೋ ರಾತ್ರಿ ಕಳೆಯುವ ಮಟ್ಟ. ಜೂನಿಗೆ ಕಂಫರ್ಟ್ 0 ಡಿಗ್ರಿಯದು ಸಾಕು. ಮಕ್ಕಳಿಗೆ ಮಕ್ಕಳ ಅಳತೆಯದೇ ಇರಲಿ. ದೊಡ್ಡವರ ಬ್ಯಾಗಿನಲ್ಲಿ ಕಾಲ ಕೆಳಗೆ ಉಳಿಯುವ ಖಾಲಿ ಜಾಗವನ್ನೂ ಮಗುವಿನ ಮೈಯೇ ಬಿಸಿ ಮಾಡಬೇಕಾಗುತ್ತದೆ. ದೊಡ್ಡದೇ ಇದ್ದರೆ ಕೆಳಭಾಗವನ್ನು ಮಡಚಿ ಬ್ಯಾಗಿನ ಅಡಿಗೆ ಸೇರಿಸಿ.

ಬ್ಯಾಗ್ ಚೆನ್ನಾಗಿದ್ದರೂ ಮಗು ರಾತ್ರಿ ಎರಡು ಗಂಟೆಗೆ ಚಳಿ ಅಂತ ಎದ್ದು ಕೂರುತ್ತದೆ. ಯಾಕೆ?

ಹತ್ತರಲ್ಲಿ ಎಂಟು ಸಲ ಕಾರಣ ಕೆಳಗಿರುತ್ತದೆ, ಮೇಲಲ್ಲ. ಮನೆಗೆ ನೆಂಟರು ಬಂದಾಗ ಊದಿ ಹಾಕುವ ದಪ್ಪ ಗಾಳಿ ಹಾಸಿಗೆಯನ್ನೇ ಬಹಳ ಜನ ತರುತ್ತಾರೆ. ಅದರೊಳಗೆ ಇರುವುದು ಬರೀ ಗಾಳಿ. ಮೈಯ ಶಾಖದಿಂದ ಮೇಲಿನ ಗಾಳಿ ಬಿಸಿಯಾಗುತ್ತದೆ, ಹೊರಳಾಡಿದಾಗ ಅದು ಕೆಳಗಿನ ತಣ್ಣನೆ ಗಾಳಿಯ ಜೊತೆ ಕಲೆಯುತ್ತದೆ, ಶಾಖ ನೆಲಕ್ಕೆ ಹೋಗುತ್ತದೆ. ಹಾಸಿಗೆ ಎಷ್ಟು ದಪ್ಪವೋ ಅಷ್ಟು ಹೆಚ್ಚು ಗಾಳಿಯನ್ನು ಮೈ ಬಿಸಿ ಮಾಡುತ್ತಿರಬೇಕು. ಅದರ ಮೇಲೆ ಬೆನ್ನಡಿಯ ಸ್ಲೀಪಿಂಗ್ ಬ್ಯಾಗ್ ಒತ್ತಿಹೋಗಿ ತೆಳ್ಳಗಾಗಿರುತ್ತದೆ, ಅದೂ ಚಳಿ ತಡೆಯುವುದಿಲ್ಲ. ಇನ್ನು ರಾತ್ರಿ ತಣ್ಣಗಾದಂತೆ ಒಳಗಿನ ಗಾಳಿ ಕುಗ್ಗಿ ಹಾಸಿಗೆ ಮೆತ್ತಗಾಗುತ್ತದೆ. ತೂತಾಗಿದೆ ಎಂದುಕೊಂಡು ನಡುರಾತ್ರಿ ಪಂಪು ಹುಡುಕುವವರು ಬಹಳ.

ಪರಿಹಾರ ಎರಡು. ಒಂದು, ಆರ್ ವ್ಯಾಲ್ಯೂ (ಶಾಖ ನೆಲಕ್ಕೆ ಹೋಗದಂತೆ ತಡೆಯುವ ಶಕ್ತಿಯ ಅಳತೆ) 4 ಅಥವಾ ಹೆಚ್ಚಿರುವ, ಒಳಗೆ ಫೋಮ್ ಇರುವ ಕ್ಯಾಂಪಿಂಗ್ ಪ್ಯಾಡ್. ಎರಡು, ಇರುವ ಗಾಳಿ ಹಾಸಿಗೆಯ ಮೇಲೆ ನೀರು ಹೀರದ ಗಟ್ಟಿ ಫೋಮ್ ಮ್ಯಾಟ್ (ಕ್ಲೋಸ್ಡ್ ಸೆಲ್) ಅಥವಾ ದಪ್ಪ ಉಣ್ಣೆ ಕಂಬಳಿ ಹಾಸುವುದು. ಹಾಸಿಗೆಯ ಕೆಳಗೆ ಹಾಸಿದರೆ ಅಷ್ಟು ಪ್ರಯೋಜನವಿಲ್ಲ, ಮೈಗೂ ಗಾಳಿಗೂ ನಡುವೆ ಬರಬೇಕು.

ಮಲಗುವ ಮುಂಚೆ ಬಟ್ಟೆಯನ್ನು ಪೂರ್ತಿ ಬದಲಿಸಿ, ಒಳಬಟ್ಟೆ, ಕಾಲುಚೀಲ ಸಮೇತ. ಹಗಲು ಬೆವರಿದ ಹತ್ತಿ ಬಟ್ಟೆ ಮುಟ್ಟಿದರೆ ಒಣಗಿದಂತಿರುತ್ತದೆ, ಆದರೆ ತೇವ ಇರುತ್ತದೆ. ಟೊಪ್ಪಿ ಹಾಕಿ. ಮಲಗುವ ಮುಂಚೆ ಒಂದಿಷ್ಟು ಕೊಬ್ಬಿರುವ ತಿಂಡಿ ಕೊಡಿ. ಟೆಂಟಿನ ಮೇಲಿನ ಕಿಟಕಿಯನ್ನು ಚಳಿಗೆಂದು ಪೂರ್ತಿ ಮುಚ್ಚಬೇಡಿ. ನಾಲ್ಕು ಜನರ ಉಸಿರಿನ ತೇವ ಬಟ್ಟೆಗೆ ಅಂಟಿ ಬೆಳಿಗ್ಗೆ ಹನಿಯಾಗಿ ಬೀಳುತ್ತದೆ, ಬ್ಯಾಗ್ ಒದ್ದೆಯಾದರೆ ಮರುರಾತ್ರಿ ಇನ್ನೂ ಕಷ್ಟ.

ಒಲೆ, ಇದ್ದಿಲು, ಗ್ಯಾಸ್ ಹೀಟರ್ ಯಾವುದನ್ನೂ ಟೆಂಟಿನೊಳಗೆ ತರಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಒಂದು ವರ್ಷದೊಳಗಿನ ಕೂಸನ್ನು ಹೇಗೆ ಮಲಗಿಸುವುದು?

ದೊಡ್ಡವರ ಸ್ಲೀಪಿಂಗ್ ಬ್ಯಾಗಿನೊಳಗೆ ಬೇಡ, ಮೆತ್ತನೆಯ ಗಾಳಿ ಹಾಸಿಗೆಯ ಮೇಲೆ ದೊಡ್ಡವರ ನಡುವೆಯೂ ಬೇಡ. ಉಸಿರು ಕಟ್ಟುವ ಅಪಾಯ. ಮಡಚುವ ತೊಟ್ಟಿಲು ಆರು ಜನರ ಟೆಂಟಿನಲ್ಲಿ ಆರಾಮಾಗಿ ಹಿಡಿಯುತ್ತದೆ. ಅದರ ತಳದಲ್ಲಿ ಗಾಳಿ ಓಡಾಡುತ್ತದೆ, ಹಾಗಾಗಿ ತೊಟ್ಟಿಲಿನ ಕೆಳಗೆ ನೆಲದ ಮೇಲೆ ಫೋಮ್ ಮ್ಯಾಟ್, ತಳದ ಸುತ್ತ ಮಾತ್ರ ಸಾಮಾನಿನ ಚೀಲಗಳನ್ನು ಒತ್ತಾಗಿ ಇಡಿ. ಹೊದಿಕೆಯ ಬದಲು ಮೈಗೆ ತೊಡಿಸುವ ನಿದ್ರೆ ಚೀಲ, ಒಳಗೆ ಎರಡು ಪದರ ಬಟ್ಟೆ. ಕೈ ತಣ್ಣಗಿದ್ದರೆ ಗಾಬರಿ ಬೇಡ, ಕತ್ತಿನ ಹಿಂದೆ ಮುಟ್ಟಿ ನೋಡಿ. ಅಲ್ಲಿ ಬೆಚ್ಚಗಿದ್ದರೆ ಸರಿ, ಬೆವರಿದ್ದರೆ ಒಂದು ಪದರ ತೆಗೆಯಿರಿ.

ಪ್ರಪಾತದ ಅಂಚಿಗೆ ಕಂಬಿ ಇರುತ್ತದಲ್ಲ?

ಕೆಲವು ವೀಕ್ಷಣಾ ಸ್ಥಳಗಳಲ್ಲಿ ಮಾತ್ರ. ಅಂಚಿನುದ್ದಕ್ಕೂ ಹೋಗುವ ರಿಮ್ ಟ್ರೈಲಿನ ಬಹುಪಾಲು ಬಯಲು. ಎರಡು ಕಲ್ಲುಕಟ್ಟೆಗಳ ನಡುವೆ ಹತ್ತು ಹೆಜ್ಜೆ ಏನೂ ಇಲ್ಲದ ಜಾಗ ಬರುತ್ತದೆ, ಮಕ್ಕಳು ಓಡುವುದು ಅಲ್ಲೇ.

ಕಾರಿನಿಂದ ಇಳಿಯುವ ಮುಂಚೆಯೇ ಯಾವ ಮಗು ಯಾರದು ಎಂದು ಹೆಸರು ಹಿಡಿದು ಹೇಳಿ. "ನೀನು ನೋಡ್ತಿದ್ದೀಯ ಅಂದ್ಕೊಂಡೆ" ಎಂಬ ಮಾತಿಗೆ ಅವಕಾಶ ಇರಬಾರದು. ಫೋಟೊ ತೆಗೆಯುವವರ ಪಾಲಿಗೆ ಆ ಹೊತ್ತು ಮಗು ಇರಬಾರದು. ಕ್ಯಾಮೆರಾ ಕೈಗೆ ತೆಗೆದುಕೊಳ್ಳುವ ಮುಂಚೆ ಮಗುವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ, ಅವರು 'ಹೂಂ' ಅಂದ ಮೇಲೆ ಬಿಡಿ. ಒಂದೂವರೆಯಿಂದ ಮೂರೂವರೆ ವರ್ಷದವರಿಗೆ ಬೆನ್ನಿಗೆ ಹೊರುವ ಕ್ಯಾರಿಯರ್ ಅಥವಾ ಎದೆಪಟ್ಟಿಯ ಹಗ್ಗ. ಜನ ನೋಡಿ ನಗಬಹುದು, ನಗಲಿ.

ಕಟ್ಟೆಯ ಮೇಲೆ ಕೂರಿಸಿ ಫೋಟೊ ತೆಗೆಯಬೇಡಿ. ಕಲ್ಲು ಎಸೆಯಲು ಬಿಡಬೇಡಿ, ಅದು ನಿಷಿದ್ಧ. ಮೇಲಿಂದ ಕಾಣದಿದ್ದರೂ ಕೆಳಗಿನ ತಿರುವುಗಳಲ್ಲಿ ಜನ ನಡೆಯುತ್ತಿರುತ್ತಾರೆ. ಇದನ್ನು ಮಕ್ಕಳಿಗೆ ಹೀಗೇ ಹೇಳಿದರೆ ಅರ್ಥವಾಗುತ್ತದೆ.

ಮಕ್ಕಳ ಜೊತೆ ಕಣಿವೆಯೊಳಗೆ ಎಷ್ಟು ದೂರ ಇಳಿಯಬಹುದು?

ಇಳಿಯದಿದ್ದರೂ ನಷ್ಟವಿಲ್ಲ. ಬೆಟ್ಟದಲ್ಲಿ ಮೊದಲು ಹತ್ತುತ್ತೇವೆ, ಸುಸ್ತಾದಾಗ ಇಳಿಯುತ್ತೇವೆ. ಇಲ್ಲಿ ತಿರುಗಾಮುರುಗಾ. ಮಗು ಕುಣಿಯುತ್ತಾ ಇಳಿಯುತ್ತದೆ, ಕಾಲು ಸೋತ ಮೇಲೆ ಹತ್ತಬೇಕು, ಅಷ್ಟರಲ್ಲಿ ಬಿಸಿಲೂ ಏರಿರುತ್ತದೆ. ಕೆಳಗೆ ಹೋದಂತೆ ಸೆಖೆ ಹೆಚ್ಚು, 300 ಮೀಟರ್ ಇಳಿದರೆ ಸುಮಾರು 3 ಡಿಗ್ರಿ. ಜುಲೈಯಲ್ಲಿ ತಳದ ಸರಾಸರಿ ಹಗಲು 41 ಡಿಗ್ರಿ.

ಹತ್ತಲು ಇಳಿದದ್ದರ ಎರಡರಷ್ಟು ಸಮಯ ಲೆಕ್ಕ ಹಾಕಿ, ಮಗುವಿದ್ದರೆ ಮೂರರಷ್ಟು. ಬ್ರೈಟ್ ಏಂಜೆಲ್ ಟ್ರೈಲ್‌ನಲ್ಲಿ ಮೊದಲ ಸುರಂಗದವರೆಗೆ ಹೋಗಿ ಬಂದರೆ ನಾಲ್ಕು ವರ್ಷದವರಿಗೆ ಸಾಕು. ಆರು ದಾಟಿದ, ನಡೆದು ಅಭ್ಯಾಸವಿರುವ ಮಕ್ಕಳಿಗೆ ಸೌತ್ ಕೈಬಾಬ್ ಟ್ರೈಲ್‌ನ ಊ ಆ ಪಾಯಿಂಟ್, ಒಂದು ಕಡೆಗೆ 1.4 ಕಿ.ಮೀ., ಸುಮಾರು 200 ಮೀಟರ್ ಇಳಿತ. ಅಲ್ಲಿ ನೀರೂ ಇಲ್ಲ, ನೆರಳೂ ಇಲ್ಲ, ಬೆಳಿಗ್ಗೆ ಆರಕ್ಕೆ ಹೊರಟು ಒಂಬತ್ತರೊಳಗೆ ಮೇಲಿರಬೇಕು. ಬೇಸಿಗೆಯಲ್ಲಿ ಹತ್ತರಿಂದ ನಾಲ್ಕರ ನಡುವೆ ಕಣಿವೆಯೊಳಗೆ ನಡೆಯಬೇಡಿ ಎಂದು ಪಾರ್ಕಿನವರೇ ಹೇಳುತ್ತಾರೆ. ಹೇಸರಗತ್ತೆಗಳ ಸಾಲು ಎದುರಾದರೆ ಪ್ರಪಾತದ ಕಡೆಗಲ್ಲ, ಗೋಡೆಯ ಕಡೆಗೆ ಸರಿದು, ಕೊನೆಯದು ದಾಟುವವರೆಗೆ ಮಗುವಿನ ಕೈ ಹಿಡಿದು ಅಲ್ಲಾಡದೆ ನಿಲ್ಲಿ.

ನೀರು ಎಷ್ಟು ಬೇಕು? ಅಲ್ಲೇ ಸಿಗುತ್ತದಾ?

ಕುಡಿಯುವ ನೀರಿನ ನಲ್ಲಿಗಳು ಕ್ಯಾಂಪ್‌ಗ್ರೌಂಡಿನಲ್ಲೂ ವಿಲೇಜಿನಲ್ಲೂ ಇವೆ, ಪುಕ್ಕಟೆ. ಆದರೂ 20 ಲೀಟರಿನ ಕ್ಯಾನ್ ತುಂಬಿಸಿಕೊಂಡೇ ಹೋಗಿ. ಸೌತ್ ರಿಮ್ಮಿಗೆ ನೀರು ಬರುವುದು ಕಣಿವೆಯನ್ನು ದಾಟಿ ಬರುವ ಹಳೆಯ ಕೊಳವೆಯಿಂದ. ಅದು ಆಗಾಗ ಒಡೆಯುತ್ತದೆ. 2024ರ ಆಗಸ್ಟ್ ಕೊನೆಯಲ್ಲಿ ಹಾಗೆ ಒಡೆದಾಗ ಸೌತ್ ರಿಮ್‌ನ ಹೋಟೆಲುಗಳಲ್ಲಿ ತಂಗುವುದನ್ನೇ ನಿಲ್ಲಿಸಬೇಕಾಯಿತು. ಮೇದರ್ ತೆರೆದೇ ಇತ್ತು, ಆದರೆ ನಲ್ಲಿಗಳು ಬಂದ್, ಬೆಂಕಿಗೂ ನಿಷೇಧ. ಹೊರಡುವ ಹಿಂದಿನ ದಿನ ಪಾರ್ಕಿನ ಪ್ರಕಟಣೆ ನೋಡಿಕೊಳ್ಳಿ.

ನಡೆಯುವಾಗ ದೊಡ್ಡವರಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್. ಮಕ್ಕಳು ಕೇಳುವುದಿಲ್ಲ, ಹದಿನೈದು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಸಬೇಕು. ಜೊತೆಗೆ ಉಪ್ಪಿರುವ ತಿಂಡಿ. ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ಇಳಿದು ವಾಂತಿ, ತಲೆನೋವು ಶುರುವಾಗುತ್ತದೆ. ಅದನ್ನು ಬಿಸಿಲಿನ ಹೊಡೆತ ಎಂದುಕೊಂಡು ಇನ್ನಷ್ಟು ನೀರು ಕುಡಿಸುವುದೇ ಇಲ್ಲಿ ಆಗುವ ತಪ್ಪು.

ಅಡುಗೆ?

2,100 ಮೀಟರ್ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಅನ್ನ ಒಂದಿಷ್ಟು ಹೆಚ್ಚು ಹೊತ್ತು ತೆಗೆದುಕೊಂಡರೂ ಆಗುತ್ತದೆ, ಬೇಳೆ ಮಾತ್ರ ತೆರೆದ ಪಾತ್ರೆಯಲ್ಲಿ ಬೇಯುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಮೂರು ಲೀಟರಿನ ಚಿಕ್ಕ ಕುಕ್ಕರ್ ಒಯ್ದರೆ ಗ್ಯಾಸೂ ಉಳಿಯುತ್ತದೆ. ಗ್ಯಾಸು ಪ್ರೊಪೇನ್ ಇರಲಿ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದೇ ಇಲ್ಲ, ಬೆಳಗಿನ ಹಾಲು ಕಾಯಿಸುವ ಹೊತ್ತಿಗೇ ಒಲೆ ಕೈಕೊಡುತ್ತದೆ. ಮೊದಲ ರಾತ್ರಿ ಅಡುಗೆ ಮಾಡುವ ಉತ್ಸಾಹ ಬೇಡ, ಟೆಂಟ್ ಹಾಕುವುದರಲ್ಲೇ ಕತ್ತಲಾಗುತ್ತದೆ. ಬಿಸಿ ಮಾಡಿ ತಿನ್ನುವಂಥದ್ದನ್ನು ಮನೆಯಿಂದಲೇ ತನ್ನಿ.

ಕ್ಯಾಂಪ್‌ಫೈರ್ ಹಾಕಬಹುದಾ?

ಕಬ್ಬಿಣದ ಬಳೆಯೊಳಗೆ, ನಿಷೇಧ ಇಲ್ಲದ ದಿನಗಳಲ್ಲಿ. ಜೂನಿನಲ್ಲಿ ಕಾಡ್ಗಿಚ್ಚಿನ ಭಯಕ್ಕೆ ನಿಷೇಧ ಬರುವುದು ಸಾಮಾನ್ಯ. ಬಿದ್ದ ಕಟ್ಟಿಗೆ ಆರಿಸುವಂತಿಲ್ಲ, ಅಂಗಡಿಯಲ್ಲಿ ಕೊಳ್ಳಬೇಕು. ಬೆಂಕಿ ನಂದಿಸುವಾಗ ನೀರು ಹೊಯ್ದು, ಕಲಕಿ, ಮತ್ತೆ ಹೊಯ್ದು, ಕೈ ಹತ್ತಿರ ಹಿಡಿದು ನೋಡಿ. ಬೂದಿ ಮುಚ್ಚಿದ ಕೆಂಡಕ್ಕೆ ಮಗು ಬೆಳಿಗ್ಗೆ ಕೈಯಿಟ್ಟು ಸುಟ್ಟುಕೊಳ್ಳುವುದೇ ಹೆಚ್ಚು.

ಪ್ರಾಣಿಗಳ ಭಯ?

ಭಯಪಡಬೇಕಾದ್ದು ಮುದ್ದಾಗಿ ಕಾಣುವ ಅಳಿಲಿಗೆ. ಕೈಯಿಂದ ತಿಂಡಿ ಕೊಡಲು ಹೋಗಿ ಕಚ್ಚಿಸಿಕೊಳ್ಳುವವರು ಅಲ್ಲಿ ಬಹಳ. ಅದರ ಚಿಗಟಗಳಲ್ಲಿ ಪ್ಲೇಗ್ ಇರಬಹುದು. ಎಲ್ಕ್ ಎಂಬ ದೊಡ್ಡ ಜಿಂಕೆಗಳು ಟೆಂಟುಗಳ ನಡುವೆಯೇ ಮೇಯುತ್ತವೆ. ಕನಿಷ್ಠ 30 ಮೀಟರ್ ದೂರ ಇರಬೇಕು. ಸೆಪ್ಟೆಂಬರ್, ಅಕ್ಟೋಬರ್ ಬೆದೆಗಾಲದಲ್ಲಿ ಗಂಡು ಎಲ್ಕ್‌ಗಳು ಸಿಟ್ಟಿನಲ್ಲಿರುತ್ತವೆ, ರಾತ್ರಿ ಸಿಳ್ಳೆಯಂತೆ ಕೂಗುತ್ತವೆ. ಮಕ್ಕಳಿಗೆ ಮೊದಲೇ ಹೇಳಿಡಿ. ತಿಂಡಿ, ಟೂತ್‌ಪೇಸ್ಟ್, ಹಾಲಿನ ಬಾಟಲಿ ಎಲ್ಲ ರಾತ್ರಿ ಕಾರಿನೊಳಗೆ. ಶೂಗಳನ್ನು ಹೊರಗೆ ಬಿಡಬೇಡಿ, ಬೆಳಿಗ್ಗೆ ಕೊಡವಿ ಹಾಕಿ. ಚೇಳು ಇರುತ್ತದೆ.

ಗುಡುಗು ಶುರುವಾದರೆ?

ಮೊದಲ ಗುಡುಗು ಕೇಳಿದಾಗಲೇ ಅಂಚು ಬಿಟ್ಟು ಕಾರು, ಬಸ್ಸು ಅಥವಾ ಕಟ್ಟಡದೊಳಗೆ. ಟೆಂಟು ಸಿಡಿಲಿನಿಂದ ಕಾಪಾಡುವುದಿಲ್ಲ, ಒಂಟಿ ಮರವೂ ಕಾಪಾಡುವುದಿಲ್ಲ. ಕೊನೆಯ ಗುಡುಗಾಗಿ 30 ನಿಮಿಷ ಕಾಯಿರಿ. ಟೆಂಟನ್ನು ಬೆಳಿಗ್ಗೆ ಬಿಟ್ಟು ಹೋಗುವಾಗ, ಆಕಾಶ ಎಷ್ಟೇ ನೀಲಿಯಿರಲಿ, ಮಳೆ ಹೊದಿಕೆ ಎಳೆದು ಗೂಟಕ್ಕೆ ಬಿಗಿದೇ ಹೋಗಿ. ನೆಲ ಗಟ್ಟಿ, ಟೆಂಟಿನ ಜೊತೆ ಬರುವ ತೆಳ್ಳಗಿನ ಅಲ್ಯುಮಿನಿಯಂ ಗೂಟಗಳು ಬಾಗುತ್ತವೆ. ಉಕ್ಕಿನ ಎಂಟು ಗೂಟ, ಒಂದು ಸುತ್ತಿಗೆ ತನ್ನಿ.

ಎತ್ತರದಿಂದ ಮಕ್ಕಳಿಗೆ ತೊಂದರೆಯಾಗುತ್ತದಾ?

ಮೊದಲ ದಿನ ತಲೆನೋವು, ಊಟ ಬೇಡ ಎನ್ನುವುದು, ನಿದ್ದೆ ಕೆಡುವುದು ಇರಬಹುದು. ಒಣ ಗಾಳಿಗೆ ಮೂಗಿನಿಂದ ರಕ್ತ ಬಂದರೆ ತಲೆ ಮುಂದಕ್ಕೆ ಬಗ್ಗಿಸಿ ಮೂಗಿನ ಮೆತ್ತನೆ ಭಾಗವನ್ನು ಹತ್ತು ನಿಮಿಷ ಒತ್ತಿ ಹಿಡಿಯಿರಿ. ಮಲಗುವಾಗ ಮೂಗಿನ ಅಂಚಿಗೆ, ತುಟಿಗೆ ವ್ಯಾಸಲೀನ್.

ಸ್ಟ್ರಾಲರ್ ಒಯ್ಯಬಹುದಾ?

ರಿಮ್ ಟ್ರೈಲ್‌ನಲ್ಲಿ ವಿಲೇಜಿನ ಸುತ್ತ ಡಾಂಬರು ಹಾದಿಯಿದೆ, ಚೆನ್ನಾಗಿ ಉರುಳುತ್ತದೆ. ಬಸ್ಸು ಹತ್ತುವಾಗ ಮಡಚಬೇಕು, ಆದ್ದರಿಂದ ಒಂದೇ ಕೈಯಲ್ಲಿ ಮಡಚುವ ಹಗುರದ್ದು ತನ್ನಿ. ಮಾರ್ಚ್‌ನಿಂದ ನವೆಂಬರ್‌ವರೆಗೆ ಹರ್ಮಿಟ್ಸ್ ರೆಸ್ಟ್ ರಸ್ತೆಗೆ ಖಾಸಗಿ ಕಾರು ಬಿಡುವುದಿಲ್ಲ, ಕೆಂಪು ಮಾರ್ಗದ ಬಸ್ಸೇ ಗತಿ. ಸೂರ್ಯಾಸ್ತದ ನಂತರ ಬಸ್ಸಿಗೆ ಉದ್ದ ಸಾಲು. ಚಿಕ್ಕವರಿದ್ದರೆ ಸೂರ್ಯ ಮುಳುಗುವ ಹತ್ತು ನಿಮಿಷ ಮುಂಚೆಯೇ ಸಾಲು ಸೇರಿ.

ಕಣಿವೆ ನೋಡಿ ಐದೇ ನಿಮಿಷಕ್ಕೆ ಮಕ್ಕಳಿಗೆ ಬೇಸರ ಬಂದರೆ?

ಬರುತ್ತದೆ. ಅಷ್ಟು ದೊಡ್ಡದು ಮಗುವಿನ ಕಣ್ಣಿಗೆ ಗೋಡೆಯ ಮೇಲಿನ ಚಿತ್ರದಂತೆ. ಕೈಗೆ ಸಿಗುವುದು ಬೇಕು. ಯಾವಪಾಯ್ ಭೂವಿಜ್ಞಾನ ಮ್ಯೂಸಿಯಮ್ಮಿನಿಂದ ವಿಲೇಜಿನ ಕಡೆಗೆ ಟ್ರೈಲ್ ಆಫ್ ಟೈಮ್ ಎಂಬ ಹಾದಿಯಿದೆ, ಎರಡು ಕಿ.ಮೀ.ಗಿಂತ ತುಸು ಹೆಚ್ಚು. ನೆಲದಲ್ಲಿ ಮೀಟರಿಗೊಂದು ಕಂಚಿನ ಬಿಲ್ಲೆ, ಒಂದು ಮೀಟರ್ ಎಂದರೆ ಹತ್ತು ಲಕ್ಷ ವರ್ಷ. ಬಂಡೆಗಳನ್ನು ಅವುಗಳ ವಯಸ್ಸಿನ ಜಾಗದಲ್ಲೇ ಇಟ್ಟಿದ್ದಾರೆ, ಮುಟ್ಟಬಹುದು. ಮಕ್ಕಳು ಬಿಲ್ಲೆಯಿಂದ ಬಿಲ್ಲೆಗೆ ಜಿಗಿಯುತ್ತಾ ಹೋಗುತ್ತಾರೆ.

ವಿಸಿಟರ್ ಸೆಂಟರಿನಲ್ಲಿ ನಾಲ್ಕು ವರ್ಷ ಮೇಲ್ಪಟ್ಟವರಿಗೆ ಜೂನಿಯರ್ ರೇಂಜರ್ ಪುಸ್ತಿಕೆ ಪುಕ್ಕಟೆ ಕೊಡುತ್ತಾರೆ. ಮೊದಲ ದಿನವೇ ತೆಗೆದುಕೊಳ್ಳಿ. ತುಂಬಿಸಿ ತೋರಿಸಿದರೆ ರೇಂಜರ್ ಪ್ರತಿಜ್ಞೆ ಮಾಡಿಸಿ ಬ್ಯಾಡ್ಜ್ ಕೊಡುತ್ತಾರೆ.

ರಾತ್ರಿ ಶೌಚಕ್ಕೆ?

ಪ್ರತಿ ಮಗುವಿಗೂ ತಲೆಗೆ ಕಟ್ಟುವ ಟಾರ್ಚ್, ಸಾಧ್ಯವಾದರೆ ಕೆಂಪು ಬೆಳಕಿನದು, ಪಕ್ಕದ ಟೆಂಟಿನವರ ಕಣ್ಣಿಗೆ ಹೊಡೆಯುವುದಿಲ್ಲ. ಐದರ ಒಳಗಿನವರಿಗೆ ಮುಚ್ಚಳವಿರುವ, ಮಕ್ಕಳು ಶೌಚಕ್ಕೆ ಕೂರುವ ಪಾಟಿಯನ್ನು ಟೆಂಟಿನ ಬಾಗಿಲಲ್ಲೇ ಇಟ್ಟುಕೊಳ್ಳುವುದು ಜಾಣತನ. ಡೈಪರ್, ಒದ್ದೆ ವೈಪ್ಸ್ ಕಸದ ಡಬ್ಬಿಗೆ, ಶೌಚಾಲಯದ ಗುಂಡಿಗಲ್ಲ.

ಪೆಟ್ರೋಲ್, ಸಮಯ, ಹೊರಡುವ ದಿನ?

ವಿಲೇಜಿನೊಳಗೆ ಪೆಟ್ರೋಲ್ ಬಂಕ್ ಇಲ್ಲ. 11 ಕಿ.ಮೀ. ದಕ್ಷಿಣದ ಟುಸಾಯಾನ್‌ನಲ್ಲಿದೆ, ಡೆಸರ್ಟ್ ವ್ಯೂನಲ್ಲೂ ಇದೆ. ಅರಿಜೋನಾದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ಮಾಡುವುದಿಲ್ಲ, ನವಾಹೋ ಜನರ ಸೀಮೆಯಲ್ಲಿ ಮಾತ್ರ ಮಾಡುತ್ತಾರೆ. ಆ ಕಡೆಯಿಂದ ಬರುವಾಗ ಫೋನಿನ ಗಡಿಯಾರ ಒಂದು ಗಂಟೆ ಆಚೀಚೆ ಜಿಗಿಯುತ್ತದೆ. ಮೇದರ್‌ನಲ್ಲಿ ಬೆಳಿಗ್ಗೆ 11ಕ್ಕೆ ಸೈಟು ಖಾಲಿ ಮಾಡಬೇಕು, ಮಕ್ಕಳಿದ್ದರೆ ಕಟ್ಟಿಕೊಳ್ಳಲು ಎರಡೂವರೆ ಗಂಟೆ ಹಿಡಿಯುತ್ತದೆ. ಟೆಂಟ್ ಒದ್ದೆಯಿದ್ದರೆ ಮಡಚದೆ ದೊಡ್ಡ ಕಸದ ಚೀಲಕ್ಕೆ ತುರುಕಿ, ಮನೆ ತಲುಪಿದ ದಿನವೇ ಹರವಿ ಒಣಗಿಸಿ. ಮೂರು ದಿನ ಬಿಟ್ಟರೆ ಬೂಸ್ಟು ಹಿಡಿಯುತ್ತದೆ, ಆ ವಾಸನೆ ಮುಂದಿನ ಪ್ರವಾಸದವರೆಗೂ ಹೋಗುವುದಿಲ್ಲ.